ಎರಡು ಸಲ ಎಳೆದರೆ

ಕೋಡಿ ಎರಡನೇ ಕ್ರಾಸು ನಮ್ಮದು.
ಬಾಡಿಗೆ ಕರಾರಿಗೆ ಸಹಿ ಹಾಕುವಾಗ
ಯಾವ ಕೆರೆಯ ಕೋಡಿ ಅಂತ ನಾನು ಕೇಳಲಿಲ್ಲ.
ಹೋದ ಸೆಪ್ಟೆಂಬರಿನಲ್ಲಿ ಕೆರೆಯೇ ಬಂದು ಹೇಳಿತು,
ರಾತ್ರಿ ಎರಡೂಕಾಲಕ್ಕೆ,
ಬೀದಿಯ ಚಪ್ಪಲಿಗಳನ್ನೆಲ್ಲ ಹೊತ್ತು ಹೊಸ್ತಿಲು ದಾಟಿ.

ಮೊದಲು ಮುಳುಗಿದ್ದು ಹೊಲಿಗೆ ಮಿಷಿನ್ನಿನ ಪೆಡಲ್ಲು.
ಗೌರಿ ಹಬ್ಬಕ್ಕೆ ಕೊಡಬೇಕಿದ್ದ ಹನ್ನೊಂದು ರವಿಕೆ
ತೋಳು ಚಾಚಿ ತೇಲಿದವು,
ಹುಕ್ಕು ಇಟ್ಟಿರಲಿಲ್ಲ ಇನ್ನೂ.
ಗ್ಯಾಸ್ ಸಿಲಿಂಡರು ಅಡುಗೆಮನೆಯಿಂದ ಹೊರಟು
ಬಾಗಿಲು ತಟ್ಟಿತು, ಒಳಗಿನಿಂದ.

ಈ ಸಲ ಮೇ ತಿಂಗಳಲ್ಲೇ
ತಿಮ್ಮಾಜಮ್ಮ ತಮ್ಮ ವಿಸಿಲ್ ಹುಡುಕಿ ತೆಗೆದರು.
ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು,
ಈಗಲೂ ನಿಂತೇ ಮಾತು,
ಒಂದು ಕೈ ಯಾವುದಾದರೂ ಕಂಬಿ ಹಿಡಿದು.

"ಒಂದು ಊದಿದರೆ ಮೇನ್ ಸ್ವಿಚ್ ಆರಿಸಿ, ನಿಂತಲ್ಲೇ ನಿಲ್ಲಿ.
ಎರಡು ಊದಿದರೆ ರೈಟ್,
ಎಲ್ಲರೂ ಖುತೇಜಾ ಮನೆ ಟೆರೇಸಿಗೆ.
ಸಾಮಾನು, ಚಿಲ್ಲರೆ, ಎಲ್ಲ ಆಮೇಲೆ ಇಸ್ಕೊಳ್ಳಿ."

ಹಳೆಯ ಡೈರಿಯಲ್ಲಿ ಬರೆದುಕೊಂಡರು:
ಅಂತೋಣಿಗೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್.
ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಲಗುವ
ಒಡಿಶಾದ ವಾಚ್‌ಮನ್ ಸನಾತನ.
"ಇವನನ್ನ ಮೊದಲು ಎಬ್ಬಿಸಿ,
ಊರು ಕಾಯೋನ ಹಾಸಿಗೆಗೇ ನೀರು ಮೊದಲು ಇಳಿಯೋದು."
ಒಂಬತ್ತನೇ ಮನೆಯವರು ಅಪಶಕುನ ಅಂದು ಗೇಟು ಹಾಕಿಕೊಂಡರು.
ಅವರ ಹೆಸರನ್ನೂ ಬರೆದರು, ಪೆನ್ಸಿಲ್ಲಿನಲ್ಲಿ.

ನಾನು ಹಾಲಿನ ಕವರು ತೊಳೆದು ಒಣಗಿಸಿ
ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು ಒಳಗಿಟ್ಟು
ಮೂರು ಸುತ್ತು ಹೊಲಿಗೆ ಹಾಕಿದೆ.
ಸೂಜಿಯ ತೂತಿನಿಂದ ನೀರು ನುಗ್ಗಲ್ವೇನೇ
ಅಂತ ಖುತೇಜಾ ಬಿದ್ದು ಬಿದ್ದು ನಕ್ಕಳು.
ಬಿಚ್ಚಿದೆ. ಮೇಣದ ಬತ್ತಿಯ ಉರಿಯಲ್ಲಿ
ಬೇರೆ ಕವರಿನ ಅಂಚು ಕರಗಿಸಿ ಅಂಟಿಸಿದೆ.
ಇಪ್ಪತ್ತು ವರ್ಷದ ಕಸುಬು, ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಭಾನುವಾರ, ಸುಡುವ ಬಿಸಿಲಲ್ಲಿ, ಎರಡು ವಿಸಿಲ್.
ಇಲ್ಲದ ನೀರಿಗೆ ಸೀರೆ ಎತ್ತಿ ಹಿಡಿದು
ನಗುತ್ತ ಮೆಟ್ಟಿಲು ಹತ್ತಿದೆವು.
ಟೆರೇಸಿನಲ್ಲಿ ತಲೆ ಎಣಿಸಿದರೆ ನಲವತ್ತೊಂದು.
ಡೈರಿಯಲ್ಲಿ ನಲವತ್ತೆರಡು.

ಕೆಳಗೆ ಮುನಿಲಕ್ಷ್ಮಿ
ಯಾರದೋ ಷರಟಿನ ಕಾಲರು ತಿರುವಿ ಇಸ್ತ್ರಿ ಮಾಡುತ್ತಿದ್ದಳು.
ಹುಟ್ಟಿನಿಂದ ಕಿವಿ ಕೇಳದವಳು.
ಒಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಒಂದೇ ಗೋಡೆ.
ನನಗೂ ಹೊಳೆದಿರಲಿಲ್ಲ.

ತಿಮ್ಮಾಜಮ್ಮ ವಿಸಿಲನ್ನು ಸೆರಗಿಗೆ ಕಟ್ಟಿಕೊಂಡು
ಎಷ್ಟೋ ಹೊತ್ತು ಸುಮ್ಮನಿದ್ದರು.
ಆಮೇಲೆ, "ನಾನು ಚಿಕ್ಕವಳಿದ್ದಾಗ ಬಸ್ಸಲ್ಲಿ
ವಿಸಿಲ್ ಎಲ್ಲಿತ್ತು? ಹಗ್ಗ ಎಳೆಯೋರು."

ಏಳು ಲಂಗದ ಲಾಡಿ ಜೋಡಿಸಿ ಹೊಲಿದೆ,
ಈ ಸಲ ಗಟ್ಟಿಯಾಗಿ.
ನನ್ನ ಮಂಚದ ಕಾಲಿನಿಂದ ಗೋಡೆಯ ಗವಾಕ್ಷಿ ತೂರಿ
ಅವಳ ಕೈಬಳೆಯವರೆಗೆ.
ಒಂದು ಎಳೆದರೆ ನಿಲ್ಲು. ಎರಡು ಎಳೆದರೆ ರೈಟ್.

ನಿನ್ನೆ ರಾತ್ರಿ ಗುಡುಗಿತು.
ರಾಜಕಾಲುವೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಗೋಡೆಯ ಮೇಲೆ ಹೋದ ವರ್ಷದ ನೀರಿನ ಗೆರೆ,
ಎರಡು ಸಲ ಸುಣ್ಣ ಬಳಿದರೂ ಹೋಗದ್ದು,
ಮಿಂಚಿದಾಗೆಲ್ಲ ಕಾಣುತ್ತಿತ್ತು.
ಅವಳನ್ನು ಎಬ್ಬಿಸಲೋ ಬೇಡವೋ ಅಂತ
ನಾನು ಲಾಡಿ ಹಿಡಿದು ಕೂತಿದ್ದೆ.

ಆ ಕಡೆಯಿಂದಲೇ ಎಳೆಯಿತು. ಒಂದು ಸಲ.

ಗುಡುಗು ಅವಳಿಗೆ ನೆಲದಿಂದ
ಅಂಗಾಲಿಗೆ ಹತ್ತುತ್ತದಂತೆ,
ಬೆಳಿಗ್ಗೆ ಸನ್ನೆಯಲ್ಲಿ ಹೇಳಿದಳು.
ನನಗಿಂತ ಮೊದಲೇ ಎದ್ದು
ಬಾಗಿಲ ಸಂದಿಯಲ್ಲಿ ನೀರು ನೋಡುತ್ತಿದ್ದಳಂತೆ.

ನಾನೂ ಒಂದು ಸಲ ಎಳೆದೆ.
ಬೆಳಕು ಹರಿಯುವ ತನಕ
ಗೋಡೆಯ ಆಚೆ ಈಚೆ
ನಾವಿಬ್ಬರೂ ಒಂದೇ ಸ್ಟಾಪಿನಲ್ಲಿ.