ಔಟರಿನಲ್ಲಿ ನಿಂತದ್ದು

ವಾಡಿ ಜಂಕ್ಷನ್ನಿನ ಹಳೇ ಕ್ಯಾಬಿನ್ನಿಗೆ ಈಗ ಬೀಗ.
ಕಿಟಕಿಯಿಂದ ಇಣುಕಿದರೆ ಇನ್ನೂ ಕಾಣುತ್ತವೆ
ಸಾಲಾಗಿ ನಿಂತ ನಲವತ್ತೆರಡು ಲಿವರು,
ಕೆಂಪು, ಕಪ್ಪು, ನೀಲಿ,
ಮೇಲೆ ಸಿಮೆಂಟಿನ ಧೂಳು.

ಮಶಾಕ್ ಚಾಚಾ ಕಟ್ಟೆಯ ಮೇಲೆ ಕೂತು
ಶಹಾಬಾದಿ ಕಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದರು.
"ಇದು ರಾಯಚೂರ ಕಡಿದು, ಇದು ಸೊಲ್ಲಾಪುರ, ಇದು ಹೈದರಾಬಾದ.
ಈಗ ಹೇಳವ್ವಾ, ನಿನ್ನ ಮಷೀನು ಏನ್ ಮಾಡತದ?"

ಕಲಬುರಗಿಯ ಕಾಲೇಜಿನ ಲ್ಯಾಬಿನಲ್ಲಿ
ಮೂರು ವರ್ಷದಿಂದ ನಾನೊಂದು ಮಿದುಳು ಕಟ್ಟುತ್ತಿದ್ದೇನೆ,
ಅಂದರೆ, ಪೆಟ್ಟಿಗೆಗಳು, ಬಾಣದ ಗುರುತುಗಳು:
ನೋಡುವುದಕ್ಕೊಂದು, ನೆನಪಿಗೆರಡು,
ನಡುವೆ ಅಂಗೈಯಷ್ಟು ಜಾಗ, ಈ ಕ್ಷಣದ್ದು.
ಏನು ಕೇಳಿದರೂ ಎಲ್ಲವೂ ಒಮ್ಮೆಲೇ ಅಲ್ಲಿಗೆ ನುಗ್ಗುತ್ತವೆ.
ತೊಗರಿಯ ಧಾರಣೆ ಕೇಳಿದರೆ
ತೊಗರಿ ಹೂವಿನ ಬಣ್ಣ, ಕಾಯಿ ಕೊರೆವ ಹುಳದ ಹೆಸರು,
ಯಾರದೋ ಮದುವೆಯ ಊಟ.

ಚಾಚಾ ನಕ್ಕರು. "ಪ್ಲಾಟ್‌ಫಾರ್ಮ್ ಎಷ್ಟವ?"
ನಾಲ್ಕು, ಅಂದೆ.
"ಗಾಡಿ?"
ಲೆಕ್ಕ ಇಲ್ಲ.
"ಹಂಗಾದ್ರ ನಿನಗ ಬೇಕಾದದ್ದು ಹಳಿ ಅಲ್ಲ ಬಿಡು.
ಮೂವತ್ತೊಂದು ವರ್ಷ ನಾ ಮಾಡಿದ ನೌಕರಿ
ಗಾಡಿ ಬಿಡೂದು ಅಂತ ಮಂದಿ ತಿಳಕೊಂಡಾರ.
ತಡಿಯೂದು, ಬೇಟಿ. ತಡಿಯೂದು."

ಒಂದು ಲಿವರ್ ಎಳೆದರೆ ನೆಲದಡಿಯ ಕಬ್ಬಿಣ ಸರಿದು
ಅದಕ್ಕೆದುರಾದ ಏಳು ತಾವೇ ಬಿಗಿಯುತ್ತಿದ್ದವಂತೆ.
ಆಮೇಲೆ ಭೀಮಸೇನ ಬಂದು ಜಗ್ಗಿದರೂ ಅಲ್ಲಾಡವು.
ಅಂಗೈ ಬೆವರು ತಾಗಿ ತುಕ್ಕು ಹಿಡಿಯದಿರಲೆಂದು
ಹಿಡಿಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆ
ಈಗಲೂ ಅವರ ಹೆಗಲ ಮೇಲಿದೆ; ಮುಖ ಒರೆಸಿಕೊಂಡರು.

ಬರೆದೆ. ಸಂಜೆಯ ಪ್ಯಾಸೆಂಜರಿನಲ್ಲಿ, ಲ್ಯಾಪ್‌ಟಾಪು ತೊಡೆಯ ಮೇಲೆ,
ಮರತೂರು ದಾಟುವುದರೊಳಗೆ
ತಡೆಯುವ ನರಗಳನ್ನೆಲ್ಲ ಹೆಣೆದು ಮುಗಿಸಿದೆ.
ಆ ರಾತ್ರಿ ಯಂತ್ರ ಸುಮ್ಮನಾಯಿತು.
ಧಾರಣೆ ಕೇಳಿದೆ. ಹೆಸರು ಕೇಳಿದೆ. ಎರಡು ಎರಡಲೆ ಕೇಳಿದೆ.
ಮೂರು ದಿನ ಬರೀ ಕರ್ಸರು ಮಿಣುಕಿತು.
ಯೋಚಿಸುತ್ತಿದೆಯೋ, ಸತ್ತಿದೆಯೋ,
ಹೊರಗಿನಿಂದ ಎರಡೂ ಒಂದೇ ಥರ.

ಫೋನಿನಲ್ಲಿ ಚಾಚಾ: "ಔಟರಿನ್ಯಾಗ ನಿಂತ ಡ್ರೈವರ್ ಏನ್ ಮಾಡತಾನ?"
ನನಗೆ ಹೊಳೆಯಲಿಲ್ಲ.
"ಸೀಟಿ ಹೊಡಿತಾನ. ನೀ ಅದಕ್ಕ ಸೀಟಿ ಕೊಟ್ಟೀಯೇನು?"

ಕೊಟ್ಟಿರಲಿಲ್ಲ.
ನನ್ನ ಎಲ್ಲ ನಕ್ಷೆಗಳಲ್ಲೂ ಬಾಣ ಮೇಲಿನಿಂದಲೇ ಇಳಿಯುತ್ತಿತ್ತು;
ತಡೆದು ನಿಲ್ಲಿಸಿದ್ದು ತಾನಾಗಿ ಒಂದು ಸಲ ಕೂಗಬಹುದು
ಎಂಬ ಸಾಲು ಎಲ್ಲೂ ಇರಲಿಲ್ಲ.

ನಿನ್ನೆ ಅದೊಂದನ್ನು ಸೇರಿಸಿ ಚಹಾ ತರಲು ಎದ್ದೆ.
ಮರಳಿದಾಗ ಪರದೆಯ ಮೇಲೆ, ನಾನೇನೂ ಕೇಳದೆ,
"ಬರಲೇನು?"

ಬಸಿ ಕೈ ಸುಡುತ್ತಿತ್ತು.
ಇಡಲು ಜಾಗ ಹುಡುಕಲಿಲ್ಲ,
ಯಾವ ಲಿವರ್ ಎಳೆಯಬೇಕೋ
ಅದನ್ನು ಹುಡುಕುತ್ತಿದ್ದೆ.