ಚಿಕೋರಿ ಲೆಕ್ಕ

ಒಂಟಿಕೊಪ್ಪಲಿನ ನಮ್ಮ ಕಾಫಿಪುಡಿ ಅಂಗಡಿಯಲ್ಲಿ
ಹೆಸರಿನೆದುರು ಪಾಲು ಬರೆದಿಡುತ್ತೇವೆ:
ಫಿಲೋಮಿನಾ ಟೀಚರ್, ಎಂಬತ್ತಕ್ಕೆ ಇಪ್ಪತ್ತು,
ನುಣ್ಣಗೆ.
ಬಸವರಾಜೇ ಅರಸು, ಚಿಕೋರಿ ಎಂದರೆ ಜಗಳ.
ಮೂಲೆಮನೆ ವಾಜಿದ್, ತಿಂಗಳ ಏಳಕ್ಕೆ ಅರ್ಧ ಕೆಜಿ,
ನೆಂಟರಿದ್ದರೆ ಮುಕ್ಕಾಲು.

ಏಳು ದಾಟಿ ಹತ್ತಾದರೆ
ನಾನೇ ಫೋನು ಮಾಡುತ್ತೇನೆ:
"ಪುಡಿ ಇನ್ನೂ ಮುಗೀಲಿಲ್ವಾ ಸಾರ್?"
ನಗುತ್ತಾ ಬರುತ್ತಾರೆ. ವ್ಯಾಪಾರ.

ಮೊನ್ನೆ ಟೈ ಕಟ್ಟಿದ ಹುಡುಗನೊಬ್ಬ
ನಮ್ಮ ನೋಟ್‌ಬುಕ್ಕಿನ ನಂಬರುಗಳಿಗೆ ಬೆಲೆ ಕಟ್ಟಿದ,
ತಲೆಗೆ ಮೂರು ರೂಪಾಯಿ.
ಒಂದು ಲೋಟ ಕುಡಿಸಿ ಕಳಿಸಿದೆ.
ಅವನಿಗೆ ಸಕ್ಕರೆ ಬೇಡವಂತೆ; ಬರೆದುಕೊಂಡೆ.

ಇವತ್ತು ಟೀಚರ್ ಬಂದು
ಅರ್ಧದ ಬದಲು ಕಾಲು ಕೇಳಿದರು.
ಎರಡು ಲೋಟದ ಮನೆ ಅದು.
ಮಿಷನ್ನಿನ ಸದ್ದು ಬೇಕಿತ್ತು ನನಗೆ,
ಸ್ವಿಚ್ ಒತ್ತಿದೆ.
ಪೆನ್ನು ಕಿವಿಯ ಮೇಲೇ ಉಳಿಯಿತು.