ಹಿಂದಿನ ಸೀಲು

ಮಲ್ಪೆಯಿಂದ ಲಾರಿ ಬಂದ ದಾರಿಯನ್ನು
ಯಾರಲ್ಲೂ ಕೇಳಬೇಕಾಗಿರಲಿಲ್ಲ.
ಕಲ್ಮಾಡಿ ಸಂಕದಿಂದ ನಮ್ಮ ಗ್ಯಾರೇಜಿನ ತನಕ
ಮಾರಿಗೊಂದು ಕಪ್ಪು ಬೊಟ್ಟು.

ಜಲಜಕ್ಕ ಕ್ಯಾಬಿನಿನಿಂದಲೇ ಹೇಳಿದರು:
ದಿನಕ್ಕೆ ಎರಡು ಲೀಟರ್ ಕುಡಿಯುತ್ತದೆ ಇದಿನಬ್ಬ,
ನನ್ನ ಗಂಡ ಸಹ ಇಷ್ಟು ಕುಡಿದವರಲ್ಲ.

ಇದಿನಬ್ಬ ನಗಲಿಲ್ಲ. ಗೋಣಿ ಹಾಸಿ ಅಡಿಗೆ ನುಸಿದರು.
ಬೆಲ್ ಹೌಸಿಂಗಿನ ತಳದ ತೂತಿಗೆ ಬೆರಳಿಟ್ಟು ಮೂಸಿದರು.
ಗೇರ್ ಎಣ್ಣೆಯಾದರೆ ಕೊಳೆತ ಬೆಳ್ಳುಳ್ಳಿಯ ನಾತ.
ಇದು ಅದಲ್ಲ.
ಹಿಂದಿನ ಸೀಲು ಮೋನೆ, ಎಂದರು ಅಡಿಯಿಂದಲೇ,
ಮುನ್ನೂರು ರೂಪಾಯಿಯ ಸಾಮಾನು.
ಅದರ ಹತ್ತಿರ ಹೋಗಲಿಕ್ಕೆ ಎರಡು ದಿನ.

ಎರಡು ದಿನ.
ಇಪ್ಪತ್ತೇಳು ವರ್ಷ ಮೀನಿನ ಐಸು ಕರಗಿ ಇಳಿದ ಉಪ್ಪುನೀರು
ಒಂದೊಂದು ಬೋಲ್ಟನ್ನೂ ಕಚ್ಚಿ ಹಿಡಿದಿತ್ತು.
ಡೀಸೆಲ್ ಹೊಯ್ದು, ಕಾದು, ಬೈದು, ಮತ್ತೆ ಹೊಯ್ದು
ಬಿಚ್ಚಿದ್ದನ್ನು ಗೆರಟೆಗಳಲ್ಲಿ ಸಾಲಾಗಿ ಇಟ್ಟೆ;
ಇದು ಗೇರ್ ಬಾಕ್ಸಿನದ್ದು, ಇದು ಕ್ಲಚ್ಚಿನದ್ದು,
ಇದು ಎಲ್ಲಿಯದೆಂದು ಈಗಲೂ ಗೊತ್ತಿಲ್ಲ.
ಫ್ಲೈವೀಲು ಕಡೆಯುವ ಕಲ್ಲಿನ ಹಾಗೆ
ನಮ್ಮಿಬ್ಬರ ಎದೆಯ ಮೇಲೆ ಇಳಿಯಿತು.

ಕೊನೆಗೆ ಕಂಡಿತು ಅದು, ಕ್ರ್ಯಾಂಕಿನ ಕುತ್ತಿಗೆಗೆ ಸುತ್ತಿದ ಉಂಗುರ.
ಸ್ಕ್ರೂ ಡ್ರೈವರ್ ತಾಗಿದ್ದೇ ತಡ
ಹಳೆ ಹಲಸಿನ ಹಪ್ಪಳದಂತೆ ಮುರಿಯಿತು.

ಇಲ್ಲಿ ಬಾ. ಕಣ್ಣು ಬೇಡ, ಉಗುರು ಅಡ್ಡ ಎಳೆ.
ಎಳೆದೆ. ಸಿಕ್ಕಿಬಿತ್ತು. ಹೊಳೆಯುವ ಉಕ್ಕಿನಲ್ಲಿ ಒಂದು ಗೀರು.
ಉಕ್ಕನ್ನು ರಬ್ಬರ್ ತಿಂದದ್ದಾ ಕಾಕಾ?
ರಬ್ಬರಿಗೆ ಎಲ್ಲಿಯ ಹಲ್ಲು. ಅದರ ತುಟಿಗೆ ಅಂಟಿದ ಧೂಳು ತಿಂದದ್ದು.

ಹೊಸ ಸೀಲನ್ನು ಬುಡದ ತನಕ ಬಡಿಯಲು ಹೊರಟವನ
ಕೈ ಹಿಡಿದರು.
ಪೂರ್ತಿ ಬೇಡ. ಪಾಸ್‌ಬುಕ್ಕಿನ ರಟ್ಟಿನಷ್ಟು ಹೊರಗೆ ನಿಲ್ಲಲಿ.
ಹಳೆ ಗೀರಿನ ಮೇಲೆಯೇ ಕೂತರೆ
ನಾಳೆಯೇ ಇದೂ ಹಳತು.
ಮತ್ತೆ ಪೈಪಿನ ತುಂಡು ಇಟ್ಟು ಸುತ್ತಲೂ ತಟ್ಟಿದರು,
ಹಸುಳೆಯ ನೆತ್ತಿಗೆ ಎಣ್ಣೆ ತಟ್ಟುವಷ್ಟೇ ಜೋರಿನಲ್ಲಿ.

ಮಗ್ರಿಬಿನ ಬಾಂಗು ಕೇಳಿತು. ಸೀಮೆಎಣ್ಣೆಯಲ್ಲಿ ಒಮ್ಮೆ,
ಸಾಬೂನಿನಲ್ಲಿ ಮೂರು ಸಲ ಕೈ ತೊಳೆದು ಹೋದರು.
ಬಂದವರು ಲಾರಿಯ ಅಡಿಗೆ ಹೋಗಲಿಲ್ಲ. ಬಾನೆಟ್ ಎತ್ತಿಸಿದರು.
ಸೋರಲಿಕ್ಕೆ ಸುರುವಾದದ್ದು ಯಾವಾಗ ಜಲಜಕ್ಕ?
ಆಗಸ್ಟಿನಲ್ಲಿ. ಬೋಟು ಇಳಿದ ಮೇಲೆ.
ಬಂದಿಯ ಎರಡು ತಿಂಗಳು ಗಾಡಿ ಎಲ್ಲಿತ್ತು?
ಮನೆಯ ಹಿಂದೆ. ತಾಡಪಾಲು ಹೊದೆಸಿ.

ಉಸಿರಿನ ಪೈಪು ಬಿಚ್ಚಿ, ತಂತಿ ತೂರಿಸಿ ಎಳೆದರು.
ಅಂಗೈ ಮೇಲೆ ಬಿತ್ತು
ಕಣಜದ ಹುಳ ಮೆತ್ತಿದ ಮಣ್ಣಿನ ಗೂಡು,
ಕಾದು ಕಾದು ಹೆಂಚಾದದ್ದು. ಒಳಗೆ ಒಂದು ರೆಕ್ಕೆ.

ಸೀಲು ಹಳತಾಗಿತ್ತು, ಸುಳ್ಳಲ್ಲ, ಎಂದರು ಇದಿನಬ್ಬ.
ಆದರೆ ಮೇಲೆ ಬಾಯಿ ಮುಚ್ಚಿಸಿದರೆ
ಒಳಗಿನದ್ದು ಎಲ್ಲಿಯಾದರೂ ಒಂದು ಕಡೆ ಹೊರಡಲೇಬೇಕಲ್ಲ.

ಗೂಡನ್ನು ಜಲಜಕ್ಕ ಇಸಕೊಂಡರು.
ತಿರುಗಿಸಿ ತಿರುಗಿಸಿ ನೋಡಿದರು.
ಹೌದು, ಎಂದರು. ಅಷ್ಟೇ.
ಮತ್ತೆ ಅದನ್ನು ಎಸೆಯದೆ
ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು.

ಮೂರನೇ ದಿನ ದಕ್ಕೆಗೆ ಹೋಗಿ ಲೋಡು ತುಂಬಿಸಿ ಬಂದು,
ನೋಡಿಯೇ ಹೋಗುತ್ತೇನೆ ಎಂದು ಅಂಗಳದಲ್ಲಿ ನಿಲ್ಲಿಸಿದರು.
ಎಂಜಿನ್ ಕೆಳಗೆ ನಾನು ರಟ್ಟು ಹಾಸಿದೆ.
ಅರ್ಧ ಗಂಟೆ. ಒಂದು ಚಾ. ಯಾರೂ ಮಾತಾಡಲಿಲ್ಲ.
ಎಳೆದು ನೋಡಿದರೆ ಒಂದು ಮೂಲೆ ಒದ್ದೆ.
ನನ್ನ ಎದೆ ಧಸಕ್ಕೆಂದಿತು.
ಇದಿನಬ್ಬ ಬೆರಳು ಒತ್ತಿದರು, ಮೂಸಿದರು,
ಬೆರಳನ್ನು ನನ್ನ ಮೂಗಿಗೂ ಹಿಡಿದರು:

ಬಂಗುಡೆ.